ಉರಿಮೂತ್ರ, ಯೂರಿನ್ ಇನ್ಫೆಕ್ಷನ್: ಲ್ಯಾಬ್ ಕಿಟಕಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಒಂದು ತಾಲೂಕು ಊರಿನ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಕೆಲ್ಸ ಮಾಡ್ತೀನಿ. ಬೆಳಗ್ಗೆ ಕಿಟಕಿ ತೆಗೆದ ತಕ್ಷಣ ಡಬ್ಬಿನ ಸೆರಗಲ್ಲೋ ದುಪಟ್ಟಾದಲ್ಲೋ ಮುಚ್ಕೊಂಡು ನಿಂತಿರ್ತಾರೆ ಹೆಣ್ಮಕ್ಕಳು. ಪಕ್ಕದವರಿಗೆ ಕೇಳಿಸದ ಹಾಗೆ ಒಂದೆರಡು ಪ್ರಶ್ನೆ ಕೇಳ್ತಾರೆ, ನಾನು ಉತ್ತರ ಹೇಳೋ ಅಷ್ಟರಲ್ಲಿ ಹಿಂದಿನವರು ಮುಂದೆ ಬಂದ್ಬಿಡ್ತಾರೆ. ಅಲ್ಲಿ ಪೂರ್ತಿ ಹೇಳೋಕ್ಕಾಗದ ಉತ್ತರಗಳನ್ನ ಇಲ್ಲಿ ನಿಧಾನವಾಗಿ ಬರ್ದಿದೀನಿ. ಔಷಧಿ ಯಾವುದು ಅಂತ ಹೇಳೋದು ಡಾಕ್ಟರ್ ಕೆಲ್ಸ. ಇದು ಯಾಕೆ ಬರುತ್ತೆ, ಬಂದಿದ್ದು ಹೇಗೆ ಗೊತ್ತಾಗುತ್ತೆ, ಟೆಸ್ಟ್ ಸರಿಯಾಗಿ ಹೇಗೆ ಮಾಡಿಸ್ಬೇಕು ಅನ್ನೋದನ್ನ ನಾನು ಹೇಳ್ತೀನಿ. ಎಲ್ಲಾ ಓದೋಕ್ಕೆ ಟೈಮ್ ಇಲ್ಲಾಂದ್ರೆ ಇದೊಂದು ತಿಳ್ಕೊಳ್ಳಿ, ಡಾಕ್ಟರ್ ಕಲ್ಚರ್ (ಯೂರಿನ್‌ನಲ್ಲಿರೋ ಬ್ಯಾಕ್ಟೀರಿಯಾನ ಬೆಳೆಸಿ ನೋಡೋ ಟೆಸ್ಟ್) ಮಾಡಿಸಿ ಅಂದಿದ್ರೆ ಮೊದಲನೇ ಆಂಟಿಬಯೋಟಿಕ್ ಮಾತ್ರೆ ನುಂಗೋಕ್ಕೆ ಮುಂಚೆ ಸ್ಯಾಂಪಲ್ ಕೊಡಿ.

ಉಷ್ಣ ಆಗಿ ಉರಿ ಬಂದಿದೆಯೋ, ಇನ್ಫೆಕ್ಷನ್ನೋ, ಹೇಗೆ ಗೊತ್ತಾಗುತ್ತೆ?

ನಮ್ಮ ಕಡೆ ಉರಿಮೂತ್ರ ಅಂದ ತಕ್ಷಣ ಎಲ್ಲರೂ ಹೇಳೋದು "ಮೈ ಉಷ್ಣ ಆಗಿದೆ" ಅಂತಲೇ. ಎಳನೀರು, ಬಾರ್ಲಿ ನೀರು, ರಾತ್ರಿ ನೆನೆಸಿಟ್ಟ ಕೊತ್ತಂಬರಿ ಬೀಜದ ನೀರು, ನೆತ್ತಿಗೆ ಹರಳೆಣ್ಣೆ, ಇಷ್ಟೂ ಆಗಿ ಐದನೇ ದಿನ ಚಳಿ ಜ್ವರ ಬಂದ್ಮೇಲೆ ಆಸ್ಪತ್ರೆಗೆ ಬರ್ತಾರೆ. ಉಷ್ಣ ಅನ್ನೋ ಮಾತು ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ಏಪ್ರಿಲ್ ಬಿಸಿಲಲ್ಲಿ ಬೆವರು ಸುರಿಸಿ ನೀರು ಕುಡೀದೆ ಇದ್ರೆ ಯೂರಿನ್ ಕಡು ಹಳದಿ ಆಗಿ ಹೋಗುವಾಗ ಸ್ವಲ್ಪ ಚುರುಕ್ ಅನ್ನುತ್ತೆ, ಒಂದು ಚೊಂಬು ನೀರು ಕುಡಿದು ಎರಡು ಸಲ ಹೋಗಿ ಬಂದ್ರೆ ಅದೇ ದಿನ ಸರಿಹೋಗುತ್ತೆ. ಇನ್ಫೆಕ್ಷನ್ ಆಗಿದ್ರೆ ನೀರು ಕುಡಿದು ಯೂರಿನ್ ತಿಳಿಯಾದ್ರೂ ಉರಿ ನಿಲ್ಲಲ್ಲ, ಈಗಷ್ಟೇ ಹೋಗಿ ಬಂದಿರ್ತೀರ ಮತ್ತೆ ಅವಸರ ಆಗುತ್ತೆ, ಓಡಿ ಹೋದ್ರೆ ನಾಲ್ಕು ಹನಿ ಬರುತ್ತೆ ಅಷ್ಟೇ. ಆರೋಗ್ಯವಾಗಿರೋರು ಒಂದು ದಿನ ನೀರು ಕುಡಿದು ನೋಡೋದ್ರಲ್ಲಿ ತಪ್ಪಿಲ್ಲ. ಗರ್ಭಿಣಿ ಆಗಿದ್ರೆ, ಜ್ವರ ಇದ್ರೆ, ಶುಗರ್ ಇದ್ರೆ, ಚಿಕ್ಕ ಮಗು ಆಗಿದ್ರೆ ಆ ಒಂದು ದಿನಾನೂ ಕಾಯ್ಬೇಡಿ.

ದಿನಾ ಸ್ನಾನ ಮಾಡ್ತೀನಿ, ಶುಚಿಯಾಗೇ ಇರ್ತೀನಿ, ನನಗ್ಯಾಕೆ ಬಂತು?

ಈ ಪ್ರಶ್ನೆ ಕೇಳುವಾಗ ಎಷ್ಟೋ ಜನರ ಕಣ್ಣಲ್ಲಿ ನೀರು ಬಂದಿರುತ್ತೆ. ಗಲೀಜಾಗಿರೋರಿಗೆ ಬರೋ ಕಾಯಿಲೆ ಅಂತ ಯಾರೋ ಅವರ ತಲೆಗೆ ತುಂಬಿರ್ತಾರೆ. ಮುಕ್ಕಾಲು ಪಾಲು ಕೇಸ್‌ನಲ್ಲಿ ಕಾರಣ ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾ, ಅದು ನಮ್ಮೆಲ್ಲರ ದೊಡ್ಡ ಕರುಳಲ್ಲೂ ಹುಟ್ಟಿದಾಗಿಂದ ಇರುತ್ತೆ. 1885ರಲ್ಲಿ ಥಿಯೋಡರ್ ಎಷರಿಕ್ ಅನ್ನೋ ಮಕ್ಕಳ ಡಾಕ್ಟರ್ ಇದನ್ನ ಮೊದಲು ಕಂಡಿದ್ದೂ ಪುಟ್ಟ ಮಕ್ಕಳ ಮಲದಲ್ಲೇ. ಕರುಳಲ್ಲಿ ಇದ್ದಷ್ಟು ದಿನ ಅದರಿಂದ ತೊಂದ್ರೆ ಇಲ್ಲ. ಅಲ್ಲಿಂದ ಮೂತ್ರದ ದಾರಿ ಹತ್ತಿದ್ರೆ, ಅದರ ಮೈಮೇಲೆ ಕೂದಲಿನ ಹಾಗೆ ಸಣ್ಣ ಕೊಕ್ಕೆಗಳಿರ್ತವೆ, ಅವುಗಳಿಂದ ಮೂತ್ರಕೋಶದ ಗೋಡೆನ ಹಿಡ್ಕೊಂಡ್ಬಿಡುತ್ತೆ, ಯೂರಿನ್ ಹರಿದು ಹೋದ್ರೂ ಅದು ಕೊಚ್ಕೊಂಡು ಹೋಗಲ್ಲ.

ಹೆಂಗಸರಿಗೇ ಜಾಸ್ತಿ ಯಾಕೆ ಅಂದ್ರೆ ಅವರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಅಷ್ಟೇ ಉದ್ದ, ಗಂಡಸರದ್ದು 18ರಿಂದ 20 ಸೆಂಟಿಮೀಟರ್ ಇರುತ್ತೆ. ಜೊತೆಗೆ ಹೆಂಗಸರಲ್ಲಿ ಮಲದ್ವಾರ ಮತ್ತು ಮೂತ್ರದ್ವಾರ ತೀರಾ ಹತ್ರ. ಅರ್ಧಕ್ಕರ್ಧ ಹೆಂಗಸರಿಗೆ ಜೀವಮಾನದಲ್ಲಿ ಒಂದ್ಸಲನಾದ್ರೂ ಇದು ಬರುತ್ತೆ, ಅಂದ್ರೆ ಮನೆಯಲ್ಲಿ ನಾಲ್ಕು ಜನ ಹೆಂಗಸರಿದ್ರೆ ಇಬ್ಬರಿಗೆ ಬಂದು ಹೋಗಿರುತ್ತೆ, ಯಾರೂ ಬಾಯಿಬಿಟ್ಟು ಹೇಳಿರಲ್ಲ ಅಷ್ಟೇ. ನಿಮ್ಮ ಕೈಲಿರೋದು ಏನಂದ್ರೆ ತೊಳ್ಕೊಳ್ಳುವಾಗ ಕೈ ಮುಂದಿನಿಂದ ಹಿಂದಕ್ಕೆ ಹೋಗ್ಬೇಕು, ಹಿಂದಿನಿಂದ ಮುಂದಕ್ಕೆ ಬರಬಾರದು, ಹೆಣ್ಣು ಮಗುವಿಗೆ ತೊಳೆಯುವಾಗಲೂ ಅಷ್ಟೇ. ಅತಿ ಶುಚಿ ಅಂತ ಸೋಪು, ಡೆಟ್ಟಾಲು, ಪರಿಮಳದ ವಾಶ್ ಒಳಗೆಲ್ಲಾ ಹಾಕ್ಬೇಡಿ, ಅಲ್ಲಿ ಕಾವಲಿರೋ ಒಳ್ಳೆ ಬ್ಯಾಕ್ಟೀರಿಯಾಗಳೂ ಅದರಲ್ಲಿ ಸಾಯ್ತವೆ.

ಇ. ಕೋಲಿ ಬಿಟ್ರೆ ಕ್ಲೆಬ್ಸಿಯೆಲ್ಲಾ, ಪ್ರೋಟಿಯಸ್, ಎಂಟೆರೋಕಾಕಸ್ ಅಂತೆಲ್ಲಾ ರಿಪೋರ್ಟ್‌ನಲ್ಲಿ ಹೆಸರು ಬರ್ಬಹುದು. ಪ್ರೋಟಿಯಸ್ ಪದೇ ಪದೇ ಬಂದ್ರೆ ಕಿಡ್ನಿ ಸ್ಟೋನ್ ಇದೆಯಾ ಅಂತ ಡಾಕ್ಟರ್ ನೋಡ್ತಾರೆ, ಯಾಕಂದ್ರೆ ಅದು ಯೂರಿನ್‌ನ ಕ್ಷಾರ ಮಾಡಿ ತಾನೇ ಕಲ್ಲು ಕಟ್ಟಿಸುತ್ತೆ.

ಒಂದಕ್ಕೆ ಹೋಗದೆ ತಡ್ಕೊಂಡ್ರೆ ಇನ್ಫೆಕ್ಷನ್ ಆಗುತ್ತಾ?

ತಡ್ಕೊಳ್ಳೋದ್ರಿಂದ ಬ್ಯಾಕ್ಟೀರಿಯಾ ಹುಟ್ಟಲ್ಲ, ಒಳಗೆ ಸೇರಿರೋದು ಬೆಳೆಯೋಕ್ಕೆ ಟೈಮ್ ಸಿಗುತ್ತೆ. ಅನುಕೂಲ ಇದ್ರೆ ಇ. ಕೋಲಿ ಸುಮಾರು 20 ನಿಮಿಷಕ್ಕೆ ಒಂದಿದ್ದಿದ್ದು ಎರಡಾಗುತ್ತೆ, ಬೆಳಗ್ಗೆ ಒಂಬತ್ತಕ್ಕೆ ಹೋದವರು ಸಂಜೆ ಆರಕ್ಕೆ ಮನೆಗೆ ಬಂದು ಹೋಗ್ತಾರೆ ಅಂದ್ರೆ ನೀವೇ ಲೆಕ್ಕ ಹಾಕಿ.

ನನ್ನ ಅಕ್ಕ ಒಂದು ಹೊಲಿಗೆ ಯೂನಿಟ್‌ನಲ್ಲಿ ಎಂಟು ವರ್ಷ ಕೆಲ್ಸ ಮಾಡಿದಳು. ಟಾಯ್ಲೆಟ್‌ಗೆ ಎದ್ರೆ ಪೀಸ್ ಲೆಕ್ಕ ಕಮ್ಮಿ ಆಗುತ್ತೆ ಅಂತ ಬೆಳಗ್ಗೆಯಿಂದ ನೀರೇ ಕುಡೀತಿರ್ಲಿಲ್ಲ, ವರ್ಷಕ್ಕೆ ಮೂರ್ನಾಲ್ಕು ಸಲ ಉರಿಮೂತ್ರ, ಪ್ರತಿ ಸಲಾನೂ ಮೆಡಿಕಲ್ ಸ್ಟೋರ್ ಮಾತ್ರೆ, ಕೊನೆಗೆ ಕಿಡ್ನಿಗೆ ಏರಿ ಆರು ದಿನ ಅಡ್ಮಿಟ್ ಆದಳು. ಬೀಗ ಹಾಕಿರೋ ಶಾಲೆ ಟಾಯ್ಲೆಟ್ ಮುಂದೆ ನಿಲ್ಲೋ ಹುಡುಗೀರು, ಸಂತೆಯಲ್ಲಿ ತರಕಾರಿ ಮಾರೋರು, ಬಸ್ ಕಂಡಕ್ಟರ್ ಹೆಣ್ಮಕ್ಕಳು, ಬೆಳಗಿನ ಜಾವ ರಸ್ತೆ ಗುಡಿಸೋ ಪೌರಕಾರ್ಮಿಕರು, ಇವರೆಲ್ಲರ ಕಥೆನೂ ಹೀಗೇ. ಅವರಿಗೆ "ಜಾಸ್ತಿ ನೀರು ಕುಡೀರಿ" ಅಂತ ಹೇಳಿ ಕಳ್ಸೋಕ್ಕೆ ನನಗೆ ನಾಚಿಕೆ ಆಗುತ್ತೆ, ಕುಡಿದ ಮೇಲೆ ಹೋಗೋಕ್ಕೆ ಜಾಗ ಎಲ್ಲಿದೆ ಹೇಳಿ? ಶಾಲೆಯವರು, ಮಾಲೀಕರು ಯಾರಾದ್ರೂ ಇದನ್ನ ಓದ್ತಿದ್ರೆ, ಟಾಯ್ಲೆಟ್ ಬೀಗ ತೆಗೆಸಿ ಅಲ್ಲಿ ನೀರು ಬರೋ ಹಾಗೆ ಮಾಡಿ.

ನೀರು ನಿಜವಾಗ್ಲೂ ಕೆಲ್ಸ ಮಾಡುತ್ತಾ ಅಂತ ಅನುಮಾನ ಇರೋರಿಗೆ: 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಪದೇ ಪದೇ ಈ ಇನ್ಫೆಕ್ಷನ್ ಆಗ್ತಿದ್ದ, ನೀರು ಕಮ್ಮಿ ಕುಡೀತಿದ್ದ 140 ಹೆಂಗಸರಲ್ಲಿ ಅರ್ಧ ಜನಕ್ಕೆ ದಿನಾ ಒಂದೂವರೆ ಲೀಟರ್ ಹೆಚ್ಚಿಗೆ ಕುಡಿಸಿದ್ರು. ಒಂದು ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಬಂದ್ರೆ, ಮೊದಲಿನ ಹಾಗೇ ಇದ್ದವರಿಗೆ 3.2 ಸಲ ಬಂತು.

ಮದುವೆ ಆದ್ಮೇಲೆ ಶುರುವಾಯ್ತು. ಗಂಡನಿಂದ ಅಂಟಿದ್ದಾ?

ಇಲ್ಲ. ಇದು ಲೈಂಗಿಕ ರೋಗ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟೋ ಕಾಯಿಲೆನೂ ಅಲ್ಲ. ಕೂಡುವಾಗ ಚರ್ಮದ ಮೇಲಿದ್ದ ನಿಮ್ಮದೇ ಬ್ಯಾಕ್ಟೀರಿಯಾ ಮೂತ್ರದ್ವಾರದ ಒಳಗೆ ತಳ್ಳಿದ ಹಾಗಾಗುತ್ತೆ, ಅದಕ್ಕೇ ಹೊಸದಾಗಿ ಮದುವೆ ಆದವರಲ್ಲಿ ಜಾಸ್ತಿ. ಆದ್ಮೇಲೆ ಒಂದಕ್ಕೆ ಹೋಗಿ ಬನ್ನಿ, ಒಂದು ಲೋಟ ನೀರು ಕುಡೀರಿ. ಇದೇ ಕಾರಣಕ್ಕೆ ಗಂಡ ಹೆಂಡ್ತಿ ಮಧ್ಯೆ ಅನುಮಾನ ಬಂದು ಮಾತು ಬಿಟ್ಟಿದ್ದನ್ನೂ ನೋಡಿದೀನಿ, ಬೇಜಾರಾಗುತ್ತೆ. ಮದುವೆ ಆಗದ ಹುಡುಗೀರಿಗೂ, ಪುಟ್ಟ ಮಕ್ಕಳಿಗೂ, ಅಜ್ಜಿಯರಿಗೂ ಬರುತ್ತೆ, ಹಾಗಾಗಿ ಮಗಳಿಗೆ ಬಂತು ಅಂದ ತಕ್ಷಣ ಅವಳನ್ನ ಅನುಮಾನದಿಂದ ನೋಡ್ಬೇಡಿ.

ಪಬ್ಲಿಕ್ ಟಾಯ್ಲೆಟ್‌ನಿಂದ ಬರುತ್ತಾ?

ಸೀಟ್ ಮೇಲೆ ಕೂತಿದ್ದಕ್ಕೆ ಬರೋದಿಲ್ಲ. ಗಲೀಜು ಅಂತ ಹೋಗದೆ ಐದು ಗಂಟೆ ತಡ್ಕೊಳ್ಳೋದೇ ಅದಕ್ಕಿಂತ ಜಾಸ್ತಿ ತೊಂದ್ರೆ.

ಲಕ್ಷಣಗಳು ಏನೇನು? ಯಾವಾಗ ಗಾಬರಿ ಆಗ್ಬೇಕು?

ಮೂತ್ರಕೋಶದಲ್ಲಿ ಮಾತ್ರ ಇದ್ದಾಗ ಹೋಗುವಾಗ ಉರಿ, ಅದರಲ್ಲೂ ಕೊನೆ ಕೊನೆಗೆ ಹಿಂಡಿದ ಹಾಗೆ ನೋವು, ಪದೇ ಪದೇ ಅವಸರ, ರಾತ್ರಿ ನಾಲ್ಕೈದು ಸಲ ಏಳೋದು, ಕಿಬ್ಬೊಟ್ಟೆ ಭಾರ, ಯೂರಿನ್ ಮಬ್ಬು ಮಬ್ಬು, ವಾಸನೆ, ಕೆಲವ್ರಿಗೆ ಸ್ವಲ್ಪ ರಕ್ತ. ಜ್ವರ ಸಾಮಾನ್ಯವಾಗಿ ಇರಲ್ಲ. ವಾಸನೆ ಒಂದನ್ನೇ ಹಿಡ್ಕೊಂಡು ಇನ್ಫೆಕ್ಷನ್ ಅಂತ ತೀರ್ಮಾನ ಮಾಡೋಕ್ಕಾಗಲ್ಲ, ನೀರು ಕಮ್ಮಿ ಆದ್ರೂ ವಿಟಮಿನ್ ಮಾತ್ರೆ ತಗೊಂಡ್ರೂ ವಾಸನೆ ಬದಲಾಗುತ್ತೆ.

ಮೇಲೆ ಕಿಡ್ನಿಗೆ ಏರಿದ್ರೆ ಚಿತ್ರ ಬೇರೆ. ಕಂಬಳಿ ಹೊದ್ದು ಮಲಗಿದ್ರೂ ನಿಲ್ಲದ ನಡುಕ, ಜೋರು ಜ್ವರ, ಬೆನ್ನಿನ ಒಂದು ಪಕ್ಕೆಯಲ್ಲಿ, ಪಕ್ಕೆಲುಬು ಮುಗಿಯೋ ಜಾಗದಲ್ಲಿ ಮುಟ್ಟಿದ್ರೆ ಚೀರೋವಷ್ಟು ನೋವು, ವಾಂತಿ. ಕೆಲವರಿಗೆ ಉರಿನೇ ಇರಲ್ಲ, ನೇರ ಚಳಿ ಜ್ವರ ಬರುತ್ತೆ, ಮನೆಯವರು ಮಲೇರಿಯಾನೋ ಡೆಂಗಿನೋ ಅಂದ್ಕೊಂಡು ರಕ್ತ ಮಾತ್ರ ಟೆಸ್ಟ್ ಮಾಡಿಸ್ತಾರೆ. ಚಳಿ ಜ್ವರದ ಜೊತೆ ಪಕ್ಕೆ ನೋವು ಇದ್ರೆ ಯೂರಿನ್ ಟೆಸ್ಟ್ ಬಗ್ಗೆ ನೀವೇ ಕೇಳಿ. ಕಿಡ್ನಿಯಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದ್ರೆ ಬಿಪಿ ಬೀಳುತ್ತೆ, ಮಾತು ತೊದಲುತ್ತೆ, ಯೂರಿನ್ನೇ ಕಮ್ಮಿ ಆಗುತ್ತೆ, ಜೀವಕ್ಕೇ ಅಪಾಯ. ಅಂಥ ರಾತ್ರಿ ಬೆಳಗಾಗ್ಲಿ ಅಂತ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ.

ಉರಿ ಇದೆ, ಜೊತೆಗೆ ಬಿಳಿ ಹೋಗ್ತಿದೆ, ಕೆರೆತನೂ ಇದೆ. ಇದೂ ಯೂರಿನ್ ಇನ್ಫೆಕ್ಷನ್ನಾ?

ಇರಲಾರದು. ಬಿಳಿ ಹೋಗೋದು, ಕೆರೆತ ಇದ್ರೆ ಯೋನಿಯ ಇನ್ಫೆಕ್ಷನ್ ಆಗಿರೋ ಸಾಧ್ಯತೆನೇ ಜಾಸ್ತಿ, ಯೂರಿನ್ ಹೊರಗೆ ಬಂದು ಕೆಂಪಾಗಿರೋ ಚರ್ಮಕ್ಕೆ ತಾಗಿದಾಗ ಉರಿಯುತ್ತೆ. ಯೂರಿನ್ ಇನ್ಫೆಕ್ಷನ್ ಉರಿ ಒಳಗಿನಿಂದ ಬರೋ ಉರಿ. ಡಾಕ್ಟರ್ ಹತ್ರ ಉರಿ ಮಾತ್ರ ಹೇಳಿ ಬಿಳಿ ಹೋಗೋದನ್ನ ಸಂಕೋಚಕ್ಕೆ ಮುಚ್ಚಿಟ್ರೆ ಆಂಟಿಬಯೋಟಿಕ್ ಬರ್ಕೊಡ್ತಾರೆ, ಫಂಗಸ್ ಆಗಿದ್ರೆ ಆ ಮಾತ್ರೆಯಿಂದ ಇನ್ನೂ ಜಾಸ್ತಿ ಆಗುತ್ತೆ. ಎರಡನ್ನೂ ಹೇಳಿ.

ಯೂರಿನ್‌ನಲ್ಲಿ ರಕ್ತ ಬಂತು, ಏನ್ಮಾಡ್ಲಿ?

ಹಿಂದಿನ ದಿನ ಬೀಟ್‌ರೂಟ್ ಪಲ್ಯ ತಿಂದಿದ್ರಾ ಅಂತ ನೆನಪು ಮಾಡ್ಕೊಳ್ಳಿ, ಟಿಬಿ ಮಾತ್ರೆ ನುಂಗೋರಿಗೂ ಕಿತ್ತಳೆ ಕೆಂಪು ಬರುತ್ತೆ. ಅವೆರಡೂ ಅಲ್ಲ, ಉರಿ ಜೊತೆ ರಕ್ತ ಬಂದಿದೆ ಅಂದ್ರೆ ಇನ್ಫೆಕ್ಷನ್ ಆಗಿರಬಹುದು, ಸ್ಟೋನ್ ಆಗಿರಬಹುದು. ನೋವಿಲ್ಲದೆ ಉರಿಯಿಲ್ಲದೆ ರಕ್ತ ಬಂದ್ರೇ ನನಗೆ ಹೆಚ್ಚು ಭಯ. 40 ದಾಟಿದವರು, ಅದರಲ್ಲೂ ಬೀಡಿ ಸಿಗರೇಟು ಸೇದೋರು, ಒಂದೇ ಸಲ ಬಂದು ತಾನಾಗೇ ನಿಂತೋದ್ರೂ ಯೂರಾಲಜಿ ಡಾಕ್ಟರ್‌ನ ನೋಡ್ಲೇಬೇಕು, ಮೂತ್ರಕೋಶದ ಕ್ಯಾನ್ಸರ್ ಮೊದಲು ಕಾಣಿಸ್ಕೊಳ್ಳೋದು ಹೀಗೇ.

ಗಂಡಸರಿಗೂ ಬರುತ್ತಾ?

ಬರುತ್ತೆ, 50 ದಾಟಿದ ಮೇಲೆ ಜಾಸ್ತಿ. ಮೂತ್ರಕೋಶದ ಕೆಳಗಿರೋ ಪ್ರಾಸ್ಟೇಟ್ ಅನ್ನೋ ಗ್ರಂಥಿ ಊದಿ ದಾರಿ ಒತ್ತಿದ್ರೆ ಮೂತ್ರಕೋಶ ಪೂರ್ತಿ ಖಾಲಿ ಆಗಲ್ಲ, ಉಳಿದಿದ್ದು ನಿಂತ ಕೆರೆ ನೀರಿನ ಹಾಗೆ ಕೆಡುತ್ತೆ. ಧಾರೆ ಸಣ್ಣಗಾಗೋದು, ಮುಕ್ಕಬೇಕಾಗೋದು, ಮುಗಿದ್ಮೇಲೂ ಹನಿ ಹನಿ ಬೀಳೋದು ಇದ್ರೆ ವಯಸ್ಸಾಯ್ತು ಅಂತ ಸುಮ್ಮನಿರಬೇಡಿ. ಗಂಡಸರಿಗೆ ಮೊದಲನೇ ಸಲ ಬಂದ್ರೂ ಕಲ್ಚರ್ ಮಾಡಿಸ್ಬೇಕು, ಕಾರಣ ಹುಡುಕಬೇಕು. ಚಿಕ್ಕ ವಯಸ್ಸಿನ ಹುಡುಗರಿಗೆ ಉರಿ ಜೊತೆ ಕೀವು ಬಂದ್ರೆ ಅದು ಬೇರೆ ರೋಗ ಇರ್ಬಹುದು, ಅದಕ್ಕೆ ಬೇರೆ ಟೆಸ್ಟ್ ಇದೆ, ಡಾಕ್ಟರ್ ಹತ್ರ ಮುಚ್ಚಿಡದೆ ಹೇಳಿ.

ಶುಗರ್ ಇರೋರಿಗೆ ಯಾಕೆ ಬಿಡೋದೇ ಇಲ್ಲ?

ವರ್ಷಗಟ್ಟಲೆ ಶುಗರ್ ಇದ್ರೆ ಮೂತ್ರಕೋಶದ ನರ ಮಂಕಾಗುತ್ತೆ, ತುಂಬಿದ್ದೂ ಗೊತ್ತಾಗಲ್ಲ, ಪೂರ್ತಿ ಖಾಲಿನೂ ಆಗಲ್ಲ. ರಕ್ತದ ಬಿಳಿ ಕಣಗಳಿಗೂ ಹೋರಾಡೋ ಶಕ್ತಿ ಕಮ್ಮಿ ಆಗಿರುತ್ತೆ. ಉರಿ ಅಷ್ಟಾಗಿ ಗೊತ್ತಾಗದೆ ನೇರ ಕಿಡ್ನಿಗೆ ಹೋಗಿರೋ ಕೇಸ್‌ಗಳು ಇವರಲ್ಲೇ ಜಾಸ್ತಿ, ಕೆಲವ್ರಲ್ಲಿ ಕಿಡ್ನಿಯೊಳಗೆ ಗ್ಯಾಸ್ ತುಂಬೋವರೆಗೂ ಹೋಗುತ್ತೆ, ಅದು ತುಂಬಾ ಅಪಾಯ. ಇನ್ನೊಂದು ವಿಷ್ಯ, ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನೋ ಮಾತ್ರೆಗಳು ಸಕ್ಕರೆನ ಯೂರಿನ್ ಮೂಲಕ ಹೊರಗೆ ಹಾಕ್ತವೆ, ಅವನ್ನ ತಗೊಳ್ಳೋರಿಗೆ ಆ ಜಾಗದಲ್ಲಿ ಫಂಗಸ್ ಕೆರೆತ ಬರ್ಬಹುದು. ಮಾತ್ರೆ ನೀವೇ ನಿಲ್ಲಿಸ್ಬೇಡಿ, ಕೊಟ್ಟ ಡಾಕ್ಟರ್‌ಗೆ ಹೇಳಿ.

ನಾನು ಗರ್ಭಿಣಿ, ಉರಿ ಏನೂ ಇಲ್ಲ, ಆದ್ರೂ ಕಲ್ಚರ್ ಬರ್ದಿದಾರೆ. ದುಡ್ಡಿಗೆ ಬರ್ದಿದ್ದಾ?

ಖಂಡಿತ ಅಲ್ಲಮ್ಮ, ದಯವಿಟ್ಟು ಮಾಡಿಸಿ. ಗರ್ಭಿಣಿಯರಲ್ಲಿ ನೂರಕ್ಕೆ 2ರಿಂದ 10 ಜನಕ್ಕೆ ಯಾವ ಲಕ್ಷಣನೂ ಇಲ್ದೆ ಯೂರಿನ್‌ನಲ್ಲಿ ಬ್ಯಾಕ್ಟೀರಿಯಾ ಬೆಳೀತಿರುತ್ತೆ. ಬೇರೆಯವರಲ್ಲಾದ್ರೆ ಅದನ್ನ ಹಾಗೇ ಬಿಡ್ತಾರೆ. ಗರ್ಭಿಣಿಯಲ್ಲಿ ಹಾರ್ಮೋನ್‌ನಿಂದ ಮೂತ್ರದ ಕೊಳವೆಗಳು ಸಡಿಲ ಆಗಿರ್ತವೆ, ಗರ್ಭಕೋಶ ಮೇಲಿಂದ ಒತ್ತುತ್ತಿರುತ್ತೆ, ಬ್ಯಾಕ್ಟೀರಿಯಾಗೆ ಕಿಡ್ನಿ ದಾರಿ ಸಲೀಸು. ಚಿಕಿತ್ಸೆ ಕೊಡ್ದೆ ಬಿಟ್ರೆ ಇಂಥವರಲ್ಲಿ ನೂರಕ್ಕೆ 20ರಿಂದ 30 ಜನಕ್ಕೆ ಕಿಡ್ನಿ ಇನ್ಫೆಕ್ಷನ್ ಆಗುತ್ತೆ, ಅದರಿಂದ ದಿನ ತುಂಬೋ ಮುಂಚೆ ಹೆರಿಗೆ, ಕಮ್ಮಿ ತೂಕದ ಮಗು ಆಗೋ ಅಪಾಯ ಇದೆ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಫ್ರೀ ತಪಾಸಣೆ ನಡೆಯುತ್ತೆ, ತಾಯಿ ಕಾರ್ಡ್ ತಗೊಂಡು ಹೋಗಿ. ಅಲ್ಲಿ ಯೂರಿನ್‌ಗೆ ಪಟ್ಟಿ ಅದ್ದಿ ನೋಡೋದು ಮುಖ್ಯವಾಗಿ ಪ್ರೋಟೀನ್ ಮತ್ತು ಸಕ್ಕರೆ, ಕಲ್ಚರ್ ಅದರಲ್ಲಿ ಬಂದ್ಬಿಡ್ತು ಅಂದ್ಕೊಳ್ಬೇಡಿ, ಬೇರೆ ಕೇಳಿ. ಮಾತ್ರೆ ಮುಗಿದ್ಮೇಲೆ ಇನ್ನೊಂದ್ಸಲ ಕಲ್ಚರ್ ಮಾಡಿಸೋದೂ ಗರ್ಭಿಣಿಯರಿಗೆ ಬೇಕು.

ಮಗುಗೆ ಜ್ವರ ಬಿಡ್ತಾನೇ ಇಲ್ಲ, ನೆಗಡಿ ಕೆಮ್ಮು ಏನೂ ಇಲ್ಲ. ಯೂರಿನ್ ಟೆಸ್ಟ್ ಯಾಕೆ?

ಎರಡು ವರ್ಷದೊಳಗಿನ ಮಗುಗೆ ಉರಿ ಅಂತ ಹೇಳೋಕ್ಕೆ ಬರಲ್ಲ. ಕಾರಣ ಗೊತ್ತಾಗದ ಜ್ವರ, ವಾಂತಿ, ಹಾಲು ಕುಡೀದೆ ಇರೋದು, ಸುಮ್ಸುಮ್ನೆ ರಚ್ಚೆ, ಒಂದಕ್ಕೆ ಹೋಗುವಾಗ ಅಳೋದು, ಇವೇ ಅದರ ಭಾಷೆ. ದೊಡ್ಡ ಮಕ್ಕಳು ಮತ್ತೆ ಹಾಸಿಗೆ ಒದ್ದೆ ಮಾಡೋಕ್ಕೆ ಶುರು ಮಾಡಿದ್ರೆ ಹೊಡೀಬೇಡಿ, ಟೆಸ್ಟ್ ಮಾಡಿಸಿ. ಹುಟ್ಟಿದ ಮೊದಲ ಕೆಲವು ತಿಂಗಳು ಗಂಡು ಮಕ್ಕಳಿಗೂ ಇದು ಬರುತ್ತೆ. ಕೆಲವು ಮಕ್ಕಳಲ್ಲಿ ಯೂರಿನ್ ಮೂತ್ರಕೋಶದಿಂದ ವಾಪಸ್ ಕಿಡ್ನಿ ಕಡೆಗೆ ಹರಿಯೋ ತೊಂದ್ರೆ ಹುಟ್ಟಿನಿಂದಲೇ ಇರುತ್ತೆ, ಅದನ್ನ ಬೇಗ ಹಿಡೀದೆ ಇದ್ರೆ ಕಿಡ್ನಿಯಲ್ಲಿ ಕಲೆ ಉಳಿಯುತ್ತೆ. ಮಲಬದ್ಧತೆನೂ ದೊಡ್ಡ ಕಾರಣ, ಗಟ್ಟಿಯಾದ ಮಲ ಮೂತ್ರಕೋಶನ ಒತ್ತುತ್ತೆ.

ಅಂಟಿಸೋ ಬ್ಯಾಗ್‌ನಲ್ಲಿ ಹಿಡಿದ ಯೂರಿನ್ ಕಲ್ಚರ್‌ಗೆ ನಂಬೋಕ್ಕಾಗಲ್ಲ, ಚರ್ಮದ ಬ್ಯಾಕ್ಟೀರಿಯಾ ಎಲ್ಲಾ ಸೇರಿರುತ್ತೆ. ಡಾಕ್ಟರ್ ಸಣ್ಣ ಟ್ಯೂಬ್ ಹಾಕಿ ತೆಗೀತೀವಿ ಅಂದ್ರೆ ಹೆದರ್ಬೇಡಿ, ತಪ್ಪು ರಿಪೋರ್ಟ್‌ಗೆ ಇಂಜೆಕ್ಷನ್ ಚುಚ್ಚಿಸ್ಕೊಳ್ಳೋದಕ್ಕಿಂತ ಅದು ಎಷ್ಟೋ ಮೇಲು.

ಅಮ್ಮನಿಗೆ 75 ವರ್ಷ. ಇದ್ದಕ್ಕಿದ್ದಂಗೆ ಏನೇನೋ ಮಾತಾಡ್ತಿದಾರೆ. ಯೂರಿನ್ ಇನ್ಫೆಕ್ಷನ್ ಅಂತಾರಲ್ಲ?

ಇರ್ಬಹುದು. ವಯಸ್ಸಾದವರಲ್ಲಿ ಉರಿ, ಜ್ವರ ಸರಿಯಾಗಿ ಕಾಣಲ್ಲ, ಊಟ ಬಿಡೋದು, ಬೀಳೋದು, ದಿಕ್ಕು ತಪ್ಪಿದ ಹಾಗೆ ಆಡೋದು ಕಾಣುತ್ತೆ. ಆದ್ರೆ ಇಲ್ಲೇ ಒಂದು ಎಚ್ಚರಿಕೆ: ಈ ವಯಸ್ಸಲ್ಲಿ ಎಷ್ಟೋ ಜನರ ಯೂರಿನ್‌ನಲ್ಲಿ ಬ್ಯಾಕ್ಟೀರಿಯಾ ಸುಮ್ಮನೆ ಇರುತ್ತೆ, ಏನೂ ಮಾಡಲ್ಲ. ರಿಪೋರ್ಟ್ ಪಾಸಿಟಿವ್ ಅಂದ ತಕ್ಷಣ ಗೊಂದಲಕ್ಕೆ ಅದೇ ಕಾರಣ ಅಂತ ತೀರ್ಮಾನಿಸಿದ್ರೆ ಸೋಡಿಯಂ ಕಮ್ಮಿ ಆಗಿರೋದೋ, ಸ್ಟ್ರೋಕ್ ಆಗಿರೋದೋ ತಪ್ಪಿಹೋಗುತ್ತೆ. ಎಲ್ಲಾ ನೋಡಿ ಅಂತ ಡಾಕ್ಟರ್‌ನ ಕೇಳಿ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಕಮ್ಮಿ ಆಗಿ ಆ ಜಾಗ ಒಣಗುತ್ತೆ, ಕಾಯೋ ಬ್ಯಾಕ್ಟೀರಿಯಾ ಕಮ್ಮಿ ಆಗುತ್ತೆ, ಪದೇ ಪದೇ ಇನ್ಫೆಕ್ಷನ್ ಆಗುತ್ತೆ, ಅದಕ್ಕೆ ಹಚ್ಚೋ ಈಸ್ಟ್ರೋಜನ್ ಕ್ರೀಮ್ ಇದೆ, ಸ್ತ್ರೀರೋಗ ಡಾಕ್ಟರ್ ಹತ್ರ ಮಾತಾಡಿ.

ಮೂತ್ರದ ಟ್ಯೂಬ್ ಹಾಕಿರೋರಿಗೆ ಒಂದು ತಿಂಗಳಾಗೋ ಅಷ್ಟರಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಬ್ಯಾಕ್ಟೀರಿಯಾ ಸೇರಿರುತ್ತೆ. ಕೆಳಗೆ ನೇತಾಡೋ ಬ್ಯಾಗ್‌ನಿಂದ ಬಗ್ಗಿಸಿ ತಂದ ಸ್ಯಾಂಪಲ್ ದಯವಿಟ್ಟು ತರಬೇಡಿ, ಅದ್ರಿಂದ ಏನೂ ತಿಳಿಯಲ್ಲ.

ಸ್ಯಾಂಪಲ್ ಹೇಗೆ ಹಿಡೀಬೇಕು?

ಇದನ್ನ ಯಾರೂ ಸರಿಯಾಗಿ ಹೇಳಿಕೊಡಲ್ಲ, ಅರ್ಧಕ್ಕರ್ಧ ತಪ್ಪು ಇಲ್ಲೇ ಆಗೋದು. ಲ್ಯಾಬ್‌ನವರು ಕೊಡೋ ಮುಚ್ಚಳದ ಸ್ಟೆರೈಲ್ ಡಬ್ಬಿನೇ ಬೇಕು, ಮನೆಯ ಹಾರ್ಲಿಕ್ಸ್ ಬಾಟ್ಲಿ, ಟಾನಿಕ್ ಬಾಟ್ಲಿ ಎಷ್ಟೇ ತೊಳೆದಿದ್ರೂ ಬೇಡ. ಮೊದಲು ಕೈ ತೊಳ್ಕೊಳ್ಳಿ, ಆಮೇಲೆ ಆ ಜಾಗನ ಬರೀ ನೀರಲ್ಲಿ ಮುಂದಿನಿಂದ ಹಿಂದಕ್ಕೆ ತೊಳ್ಕೊಂಡು ಒರೆಸ್ಕೊಳ್ಳಿ. ಹೆಂಗಸರು ಯೋನಿಯ ತುಟಿಗಳನ್ನ ಬೆರಳಲ್ಲಿ ಅಗಲ ಮಾಡಿ ಹಿಡ್ಕೊಂಡು, ಮೊದಲು ಬರೋದನ್ನ ಟಾಯ್ಲೆಟ್‌ಗೆ ಬಿಡ್ಬೇಕು, ಧಾರೆ ನಿಲ್ಲಿಸ್ದೆ ಮಧ್ಯದ್ದನ್ನ ಡಬ್ಬಿಗೆ ಹಿಡೀಬೇಕು, ಕೊನೇದನ್ನ ಮತ್ತೆ ಟಾಯ್ಲೆಟ್‌ಗೆ ಬಿಡ್ಬೇಕು. ಡಬ್ಬಿ ಒಳಗೆ, ಮುಚ್ಚಳದ ಒಳಗೆ ಬೆರಳು ತಾಗಬಾರದು. ಅರ್ಧ ಡಬ್ಬಿ ಸಾಕು.

ಬೆಳಗ್ಗೆ ಎದ್ದ ತಕ್ಷಣದ್ದು ಒಳ್ಳೇದು, ಆಗ್ಲಿಲ್ಲಾಂದ್ರೆ ಮೂರ್ನಾಲ್ಕು ಗಂಟೆ ಮೂತ್ರಕೋಶದಲ್ಲಿ ಇದ್ದಿದ್ದು ಆಗ್ಬಹುದು. ಎರಡು ಗಂಟೆಯೊಳಗೆ ಲ್ಯಾಬ್‌ಗೆ ತಲುಪಿಸಿ. 20 ನಿಮಿಷಕ್ಕೆ ಒಂದು ಎರಡಾಗುತ್ತೆ ಅಂದ್ನಲ್ಲ, ಅದು ಡಬ್ಬಿಯೊಳಗೂ ಆಗುತ್ತೆ, ಬಿಸಿಲಲ್ಲಿ ಸ್ಕೂಟಿ ಡಿಕ್ಕಿಯಲ್ಲಿ ಅರ್ಧ ದಿನ ಇಟ್ಟು ತಂದ್ರೆ ಇಲ್ಲದ ಇನ್ಫೆಕ್ಷನ್ ರಿಪೋರ್ಟ್‌ನಲ್ಲಿ ಕಾಣುತ್ತೆ. ದೂರದ ಹಳ್ಳಿಯವರು ಲ್ಯಾಬ್‌ಗೇ ಬಂದು ಹಿಡಿದು ಕೊಡಿ, ಇಲ್ಲಾಂದ್ರೆ ಫ್ರಿಜ್‌ನಲ್ಲಿಟ್ಟು ತನ್ನಿ, ಫ್ರೀಜರ್‌ನಲ್ಲಲ್ಲ. ಮುಟ್ಟಾಗಿದ್ರೆ ನನಗೆ ಹೇಳಿ, ರಕ್ತದ ಕಣ ಕಂಡಾಗ ಗಾಬರಿ ಆಗೋದು ತಪ್ಪುತ್ತೆ.

ರಿಪೋರ್ಟ್‌ನಲ್ಲಿ ಪಸ್ ಸೆಲ್ಸ್ 8-10 ಅಂತಿದೆ. ಕೀವು ಆಗಿದೆಯಾ?

ಹೆಸರು ಕೇಳಿ ಹೆದರ್ಬೇಡಿ. ಪಸ್ ಸೆಲ್ಸ್ ಅಂದ್ರೆ ರಕ್ತದ ಬಿಳಿ ಕಣಗಳು. ಯೂರಿನ್‌ನ ಮಷೀನ್‌ನಲ್ಲಿ ತಿರುಗಿಸಿ ತಳಕ್ಕೆ ಕೂತಿದ್ದನ್ನ ಮೈಕ್ರೋಸ್ಕೋಪ್‌ನಲ್ಲಿ ನೋಡ್ತೀವಿ, ಒಂದು ಫೀಲ್ಡ್‌ಗೆ 5ರವರೆಗೆ ಇದ್ರೆ ನಾರ್ಮಲ್ ಅಂತ ಲೆಕ್ಕ. ಜಾಸ್ತಿ ಇದ್ರೆ ಅಲ್ಲೆಲ್ಲೋ ಉರಿಯೂತ ಇದೆ ಅಂತ ಅರ್ಥ, ಇನ್ಫೆಕ್ಷನ್ನೇ ಅಂತ ಅಲ್ಲ, ಸ್ಟೋನ್ ಇದ್ರೂ ಬರುತ್ತೆ, ಬಿಳಿ ಸೇರ್ಕೊಂಡ್ರೂ ಬರುತ್ತೆ. ಅದೇ ರಿಪೋರ್ಟ್‌ನಲ್ಲಿ ಎಪಿಥೀಲಿಯಲ್ ಸೆಲ್ಸ್ ಅನ್ನೋ ಸಾಲು ನೋಡಿ, ಅದೂ ಜಾಸ್ತಿ ಇದ್ರೆ ಸ್ಯಾಂಪಲ್‌ಗೆ ಹೊರಗಿನ ಚರ್ಮದ್ದು ಸೇರಿದೆ, ಇನ್ನೊಂದು ಸ್ಯಾಂಪಲ್ ಕೊಡೋದು ವಾಸಿ. ಯಾವ ತೊಂದ್ರೆನೂ ಇಲ್ದೆ ಹೆಲ್ತ್ ಚೆಕಪ್ ಪ್ಯಾಕೇಜ್‌ನಲ್ಲಿ 8-10 ಬಂತು ಅಂತ ಆಂಟಿಬಯೋಟಿಕ್ ನುಂಗೋರನ್ನ ನೋಡಿ ನನಗೆ ತುಂಬಾ ಸಂಕಟ ಆಗುತ್ತೆ.

ನೈಟ್ರೈಟ್ ನೆಗೆಟಿವ್ ಬಂದಿದೆ, ಅಂದ್ರೆ ಇನ್ಫೆಕ್ಷನ್ ಇಲ್ವಾ?

ಇದು ಯೂರಿನ್‌ಗೆ ಪಟ್ಟಿ ಅದ್ದಿ ನೋಡೋ ಟೆಸ್ಟ್. ಪಾಸಿಟಿವ್ ಬಂದ್ರೆ ಬ್ಯಾಕ್ಟೀರಿಯಾ ಇದೆ ಅನ್ನೋದಕ್ಕೆ ಬಲವಾದ ಸಾಕ್ಷಿ. ನೆಗೆಟಿವ್ ಬಂದ್ರೆ ಇಲ್ಲ ಅಂತ ಹೇಳೋಕ್ಕಾಗಲ್ಲ. ಇ. ಕೋಲಿ ಥರದವು ಯೂರಿನ್‌ನಲ್ಲಿರೋ ನೈಟ್ರೇಟ್‌ನ ನೈಟ್ರೈಟ್ ಮಾಡ್ತವೆ, ಅದಕ್ಕೆ ಕೆಲವು ಗಂಟೆ ಬೇಕು, ಹತ್ತು ನಿಮಿಷಕ್ಕೊಮ್ಮೆ ಹೋಗ್ತಿರೋರ ಯೂರಿನ್‌ನಲ್ಲಿ ಅಷ್ಟು ಟೈಮ್ ಎಲ್ಲಿ ಸಿಗುತ್ತೆ? ಎಂಟೆರೋಕಾಕಸ್ ಥರದವು ನೈಟ್ರೈಟ್ ಮಾಡೋದೇ ಇಲ್ಲ.

ಕಲ್ಚರ್ ಅಂದ್ರೆ ಏನು, ಎರಡ್ಮೂರು ದಿನ ಯಾಕೆ?

ನನಗೆ ತುಂಬಾ ಇಷ್ಟವಾದ ಕೆಲ್ಸ ಇದು. ಒಂದು ಮಿಲಿಲೀಟರ್‌ನ ಸಾವಿರದಲ್ಲಿ ಒಂದು ಭಾಗ ಹಿಡಿಯೋ ಸಣ್ಣ ಬಳೆಯಂಥ ಕಡ್ಡಿಯಿಂದ ಯೂರಿನ್ ತಗೊಂಡು, ಪೌಷ್ಟಿಕಾಂಶ ಇರೋ ಜೆಲ್ಲಿ ಪ್ಲೇಟ್ ಮೇಲೆ ಎಳೀತೀವಿ, 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡ್ತೀವಿ. ಒಂದೊಂದು ಬ್ಯಾಕ್ಟೀರಿಯಾನೂ ಬೆಳೆದು ಕಣ್ಣಿಗೆ ಕಾಣೋ ಒಂದೊಂದು ಚುಕ್ಕೆ ಆಗುತ್ತೆ. 100 ಚುಕ್ಕೆ ಇದ್ರೆ ಮಿಲಿಲೀಟರ್‌ಗೆ 1 ಲಕ್ಷ ಅಂತ. ಅಷ್ಟು ಬೆಳೆದ್ರೆ ಇನ್ಫೆಕ್ಷನ್ ಅಂತ ಲೆಕ್ಕ ಹಾಕೋ ಈ 1 ಲಕ್ಷದ ಗೆರೆ 1950ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಕಾಸ್ ಅನ್ನೋ ಡಾಕ್ಟರ್ ಮಾಡಿದ ಕೆಲ್ಸದಿಂದ ಬಂದಿದ್ದು. ಅದೇ ಕಲ್ಲಿನ ಮೇಲಿನ ಗೆರೆ ಅಲ್ಲ, ಲಕ್ಷಣ ಸ್ಪಷ್ಟವಾಗಿದ್ರೆ ಸಾವಿರದ ಲೆಕ್ಕದಲ್ಲಿ ಬೆಳೆದ್ರೂ ಡಾಕ್ಟರ್ ಒಪ್ಕೊಳ್ತಾರೆ. ಮೂರ್ನಾಲ್ಕು ಜಾತಿ ಒಟ್ಟಿಗೆ ಬೆಳೆದ್ರೆ ಸಾಮಾನ್ಯವಾಗಿ ಸ್ಯಾಂಪಲ್ ಕೆಟ್ಟಿದೆ ಅಂತ ಅರ್ಥ.

ಎರಡನೇ ದಿನ ಆ ಬ್ಯಾಕ್ಟೀರಿಯಾನ ಇನ್ನೊಂದು ಪ್ಲೇಟ್ ತುಂಬಾ ಹರಡಿ, ಮೇಲೆ ಬೇರೆ ಬೇರೆ ಆಂಟಿಬಯೋಟಿಕ್ ಬಿಲ್ಲೆ ಇಡ್ತೀವಿ. ಯಾವ ಬಿಲ್ಲೆ ಸುತ್ತ ಬೆಳೆ ಬರದೆ ಬಯಲು ಉಳಿಯುತ್ತೋ ಅದು ಕೆಲ್ಸ ಮಾಡೋ ಔಷಧಿ, ರಿಪೋರ್ಟ್‌ನಲ್ಲಿ ಎಸ್ ಅಂತ ಬರುತ್ತೆ. ಬಿಲ್ಲೆ ಅಂಚಿನವರೆಗೂ ಬೆಳೆದ್ರೆ ಆರ್, ಅಂದ್ರೆ ಆ ಮಾತ್ರೆಗೆ ಅದು ಬಗ್ಗಲ್ಲ. ಆರ್‌ಗಳ ಸಾಲು ವರ್ಷದಿಂದ ವರ್ಷಕ್ಕೆ ಉದ್ದ ಆಗ್ತಿರೋದನ್ನ ನನ್ನ ಕೈಯಾರೆ ಬರೀತಿದೀನಿ, ದೇಶದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್‌ನ ರಿಪೋರ್ಟ್‌ಗಳೂ ಅದನ್ನೇ ಹೇಳ್ತವೆ. ಎಸ್ ಇರೋದ್ರಲ್ಲಿ ಯಾವುದು ಅಂತ ನೀವೇ ಆರಿಸ್ಬೇಡಿ, ನೈಟ್ರೋಫ್ಯುರಾಂಟೊಯಿನ್ ಮೂತ್ರಕೋಶಕ್ಕೆ ಚೆನ್ನಾಗಿ ಕೆಲ್ಸ ಮಾಡುತ್ತೆ, ಕಿಡ್ನಿ ಇನ್ಫೆಕ್ಷನ್‌ಗೆ ಮುಟ್ಟೋದೇ ಇಲ್ಲ, ಇಂಥ ವ್ಯತ್ಯಾಸ ರಿಪೋರ್ಟ್‌ನಲ್ಲಿ ಬರೆದಿರಲ್ಲ.

ಆರೋಗ್ಯವಾಗಿರೋ ಚಿಕ್ಕ ವಯಸ್ಸಿನ ಹೆಂಗಸಿಗೆ ಮೊದಲನೇ ಸಲ ಉರಿ ಬಂದಿದ್ರೆ ಡಾಕ್ಟರ್ ಕಲ್ಚರ್ ಇಲ್ದೇನೂ ಚಿಕಿತ್ಸೆ ಕೊಡ್ಬಹುದು, ಅದು ತಪ್ಪಲ್ಲ.

ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ ಅಂತ ಬಂತು, ಆದ್ರೆ ಉರಿ ಹಾಗೇ ಇದೆ!

ನಾನು ಮೊದಲು ಕೇಳೋದು "ಮಾತ್ರೆ ಏನಾದ್ರೂ ತಗೊಂಡ್ರಾ?" ಅಂತ. "ಇಲ್ಲ, ಮೆಡಿಕಲ್‌ನಲ್ಲಿ ಎರಡೇ ಎರಡು ಕೊಟ್ರು" ಅಂತಾರೆ. ಆ ಎರಡೇ ಸಾಕು. ಬ್ಯಾಕ್ಟೀರಿಯಾ ಪ್ಲೇಟ್ ಮೇಲೆ ಬೆಳೆಯದಷ್ಟು ಸುಸ್ತಾಗಿರುತ್ತೆ, ಒಳಗೆ ಸತ್ತಿರಲ್ಲ, ಯಾವ ಔಷಧಿಗೆ ಬಗ್ಗುತ್ತೆ ಅಂತ ತಿಳಿಯೋ ಅವಕಾಶ ಹೋಯ್ತು.

ಮಾತ್ರೆ ತಗೊಂಡೇ ಇಲ್ಲ, ಪಸ್ ಸೆಲ್ಸ್ ಮಾತ್ರ ತುಂಬಾ ಇವೆ, ಕಲ್ಚರ್ ಪದೇ ಪದೇ ಖಾಲಿ ಬರ್ತಿದೆ ಅಂದ್ರೆ ನಮ್ಮ ದೇಶದಲ್ಲಿ ಕಿಡ್ನಿಯ ಟಿಬಿ ನೆನಪಿಗೆ ಬರ್ಲೇಬೇಕು. ಟಿಬಿ ಬ್ಯಾಕ್ಟೀರಿಯಾ ಈ ಪ್ಲೇಟ್‌ನಲ್ಲಿ ಬೆಳೆಯೋದೇ ಇಲ್ಲ, ಅದಕ್ಕೆ ಬೇರೆ ಟೆಸ್ಟ್. ತೂಕ ಇಳಿಯೋದು, ಸಂಜೆ ಜ್ವರ, ತಿಂಗಳಾನುಗಟ್ಟಲೆ ಉರಿ ಇದ್ರೆ ಡಾಕ್ಟರ್‌ಗೆ ಇಷ್ಟೂ ಹೇಳಿ.

ಸ್ಕ್ಯಾನಿಂಗ್ ಎಲ್ಲರಿಗೂ ಬೇಕಾ?

ಬೇಡ. ಗಂಡಸರಿಗೆ, ಚಿಕ್ಕ ಮಕ್ಕಳಿಗೆ, ಪದೇ ಪದೇ ಬರೋರಿಗೆ, ಸ್ಟೋನ್ ಅನುಮಾನ ಇರೋರಿಗೆ, ಸರಿಯಾದ ಔಷಧಿ ಕೊಟ್ಟು ಎರಡ್ಮೂರು ದಿನ ಆದ್ರೂ ಜ್ವರ ಇಳೀದೆ ಇದ್ರೆ ಮಾಡಿಸ್ತಾರೆ. ಒಂದಕ್ಕೆ ಹೋಗಿ ಬಂದ್ಮೇಲೆ ಇನ್ನೂ ಎಷ್ಟು ಉಳಿದಿದೆ ಅಂತಾನೂ ಅದರಲ್ಲೇ ನೋಡ್ಬಹುದು.

ಹೋದ ಸಲದ ಚೀಟಿ ಇದೆ, ಅದೇ ಮಾತ್ರೆ ತಗೊಂಡ್ರೆ ಆಗಲ್ವಾ?

ಹೋದ ಸಲದ ಬ್ಯಾಕ್ಟೀರಿಯಾನೇ ಈ ಸಲ ಬಂದಿದೆ ಅಂತ ಯಾರು ಹೇಳಿದ್ರು? ಬಂದಿದ್ರೂ ಆ ಮಾತ್ರೆಗೆ ಅದು ಪಳಗಿರ್ಬಹುದು. ಸೆಫಿಕ್ಸಿಮ್, ಲೀವೋಫ್ಲೋಕ್ಸಾಸಿನ್ ಥರದ ಆಂಟಿಬಯೋಟಿಕ್‌ಗಳು ಎಚ್1 ಶೆಡ್ಯೂಲ್ ಅನ್ನೋ ಸರ್ಕಾರಿ ಪಟ್ಟಿಯಲ್ಲಿವೆ, ಡಾಕ್ಟರ್ ಚೀಟಿ ಇಲ್ದೆ ಕೊಡೋ ಹಾಗಿಲ್ಲ, 2014ರ ಮಾರ್ಚ್‌ನಿಂದ ಅಂಗಡಿಯವರು ರಿಜಿಸ್ಟರ್‌ನಲ್ಲೂ ಬರೀಬೇಕು. ಶೀಟ್ ಮೇಲೆ ಕೆಂಪು ಗೆರೆ ಇದ್ರೆ ಕೇಳಿ ತಗೊಳ್ಳೋ ಮಾತ್ರೆ ಅಲ್ಲ ಅದು. ಉರಿ ಕಮ್ಮಿ ಮಾಡೋ ಗುಲಾಬಿ ಬಣ್ಣದ ಸಿರಪ್‌ಗಳು ಯೂರಿನ್‌ನ ಆಮ್ಲ ಇಳಿಸ್ತವೆ, ಹಾಯನಿಸುತ್ತೆ, ಬ್ಯಾಕ್ಟೀರಿಯಾ ಸಾಯಲ್ಲ. ನೈಟ್ರೋಫ್ಯುರಾಂಟೊಯಿನ್ ಮಾತ್ರೆ ಆಮ್ಲ ಇದ್ದಾಗ್ಲೇ ಚೆನ್ನಾಗಿ ಕೆಲ್ಸ ಮಾಡೋದು, ಅದರ ಜೊತೆ ಈ ಸಿರಪ್ ತಗೋಬಹುದಾ ಅಂತ ಡಾಕ್ಟರ್‌ನ ಕೇಳಿ. ಬಾರ್ಲಿ ನೀರು, ಮಜ್ಜಿಗೆ, ಎಳನೀರು ಕುಡೀರಿ, ಒಳ್ಳೇದೇ, ಔಷಧಿ ಬದಲಿಗೆ ಅಂತ ಕುಡೀಬೇಡಿ. ಕಿಡ್ನಿ ತೊಂದ್ರೆ ಇರೋರು ಎಳನೀರನ್ನೂ ಕೇಳಿಯೇ ಕುಡೀರಿ, ಅದರಲ್ಲಿ ಪೊಟ್ಯಾಷಿಯಂ ಜಾಸ್ತಿ.

ಪದೇ ಪದೇ ಅಂದ್ರೆ ಎಷ್ಟು ಸಲ?

ಆರು ತಿಂಗಳಲ್ಲಿ 2 ಸಲ, ಇಲ್ಲಾ ವರ್ಷದಲ್ಲಿ 3 ಸಲ. ಅಷ್ಟಾದ್ರೆ ಪ್ರತಿ ಸಲಾನೂ ಕಲ್ಚರ್ ಮಾಡಿಸಿ, ಎಲ್ಲಾ ರಿಪೋರ್ಟ್ ಒಂದೇ ಫೈಲ್‌ನಲ್ಲಿಡಿ. ಅದೇ ಬ್ಯಾಕ್ಟೀರಿಯಾ ಎರಡು ವಾರದೊಳಗೆ ವಾಪಸ್ ಬರ್ತಿದೆಯೋ, ಬೇರೆ ಬೇರೆ ಬರ್ತಿದೆಯೋ ಅನ್ನೋದ್ರ ಮೇಲೆ ಡಾಕ್ಟರ್ ಹುಡುಕೋ ದಾರಿನೇ ಬದಲಾಗುತ್ತೆ. ಅಕ್ಕನ ಹಳೇ ರಿಪೋರ್ಟ್ ಒಂದೂ ಇರ್ಲಿಲ್ಲ, ಅಡ್ಮಿಟ್ ಆದ ದಿನ ಡಾಕ್ಟರ್ ಕೇಳಿದಾಗ ನಮ್ಮ ಹತ್ರ ತೋರಿಸೋಕ್ಕೆ ಮಾತ್ರೆ ಶೀಟ್‌ಗಳು ಬಿಟ್ರೆ ಏನೂ ಇರ್ಲಿಲ್ಲ.

ಉರಿ ಹೋಯ್ತು. ಮತ್ತೆ ಟೆಸ್ಟ್ ಬೇಕಾ?

ಆರೋಗ್ಯವಾಗಿರೋರಿಗೆ ಬೇಡ, ಉರಿ ಹೋದ್ರೆ ಅಲ್ಲಿಗೆ ಆಯ್ತು. ಡಾಕ್ಟರ್ ಹೇಳಿದಷ್ಟು ದಿನ ಮಾತ್ರೆ ಮುಗಿಸಿ, ಉಳಿದಿದ್ದನ್ನ ಪಕ್ಕದ ಮನೆಯವರಿಗೆ ಕೊಡ್ಬೇಡಿ. ಗರ್ಭಿಣಿಯರು ಮಾತ್ರ ತಪ್ಪದೆ ಬನ್ನಿ. ಮೊದಲ ರಿಪೋರ್ಟ್‌ನಲ್ಲಿ ರಕ್ತದ ಕಣ ಇದ್ದವರೂ ಇನ್ಫೆಕ್ಷನ್ ಹೋದ ಮೇಲೆ ಒಂದ್ಸಲ ಬಂದು ಯೂರಿನ್ ಕೊಟ್ಟು ಹೋಗಿ, ರಕ್ತ ಇನ್ನೂ ಕಂಡ್ರೆ ಕಾರಣ ಬೇರೆ ಇದೆ ಅಂತ ಅವತ್ತೇ ಗೊತ್ತಾಗುತ್ತೆ.